‘ನಾನು ಬರೀ ನರ್ಸ್, ನನಗ್ಯಾಕೆ ಹೀಗೆ?’

ಪ್ರಶ್ನೆ: ನನಗೆ 49 ವರ್ಷ. ತೀರ್ಥಹಳ್ಳಿ ತಾಲ್ಲೂಕು. ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ 22 ವರ್ಷ ಇದ್ದು, ಲೆಫ್ಟಿನೆಂಟ್ ಕರ್ನಲ್ ಆಗಿ ಪೆನ್ಶನ್ ತಗೊಂಡು ಊರಿಗೆ ಬಂದು ಐದಾರು ವರ್ಷ ಆಯಿತು. ಮೊದಲ ಪೋಸ್ಟಿಂಗ್ ಕಾಶ್ಮೀರ, 1999. ಆಗ ನನಗೇನೂ ಆಗಲಿಲ್ಲ. ಈಗ ತೋಟದಲ್ಲಿ ಮಂಗ ಓಡಿಸೋಕೆ ಪಟಾಕಿ ಹೊಡೆದರೆ ಕೈಕಾಲು ನಡುಗುತ್ತೆ. ಮೊನ್ನೆ ಅಡಿಕೆ ಸುಲಿಯುವಾಗ ಕೆಲಸದವಳ ಕೈಗೆ ಮೆಟ್ಟುಗತ್ತಿ ತಾಗಿತು. ನಾನೇ ಡ್ರೆಸ್ಸಿಂಗ್ ಮಾಡಿದೆ, ಆಮೇಲೆ ಬಚ್ಚಲಲ್ಲಿ ಒಂದು ಗಂಟೆ ಅಳುತ್ತಾ ಕೂತಿದ್ದೆ. ರಾತ್ರಿ 2ಕ್ಕೆ ಎಚ್ಚರ. ಆಪರೇಷನ್‌ಗೆ ಕಾಯುತ್ತಿದ್ದ ಒಬ್ಬ ಹುಡುಗ ನೀರು ಕೇಳಿದ್ದ, ಕೊಡಲಿಲ್ಲ, ಅವನು ಉಳಿಯಲಿಲ್ಲ. ಅವನೇ ಕನಸಲ್ಲಿ ಬರುತ್ತಾನೆ. ಕ್ಯಾಂಟೀನ್ ರಮ್ ಎರಡು ಪೆಗ್ ಹಾಕಿದರೆ ನಿದ್ದೆ, ಕೆಲವು ಸಲ ಜೊತೆಗೆ ಅಲ್ಪ್ರಾಜೋಲಮ್ ಅನ್ನುವ ನಿದ್ದೆ ಮಾತ್ರೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅತ್ತೆ ನಮ್ಮ ಕಡೆಯ ದೈವ ಚೌಡಿಯ ಕಾಟ ಅನ್ನುತ್ತಾರೆ. ನಾನು ಗುಂಡು ಹಾರಿಸಿದವಳಲ್ಲ, ಬರೀ ನರ್ಸ್. ಇದಕ್ಕೆಲ್ಲ ಮನೋವೈದ್ಯರ ಹತ್ತಿರ ಹೋಗಬೇಕಾ? ಹೋದರೆ ಪೆನ್ಶನ್‌ಗೆ ತೊಂದರೆ ಆಗುತ್ತಾ? ಊರಿಗೆ ಗೊತ್ತಾದರೆ?

ಉತ್ತರ: ಹೋಗಬೇಕು. ಪೆನ್ಶನ್‌ಗೆ ಏನೂ ಆಗುವುದಿಲ್ಲ. ಊರಿಗೆ ಗೊತ್ತಾಗದ ಹಾಗೆ ಹೋಗಿ ಬರುವ ದಾರಿಯೂ ಇದೆ, ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ನಿಮ್ಮ ಪತ್ರದ ಒಂದು ಪದಕ್ಕೆ ನನ್ನ ತಕರಾರಿದೆ. ಅದು ‘ಬರೀ’.

ಪತ್ರದಲ್ಲಿ ಇನ್ನೊಂದು ವಿಷಯ ಬರೆದಿದ್ದಿರಿ, ಉದ್ದವಾಯಿತು ಅಂತ ಮೇಲೆ ಹಾಕಿಲ್ಲ. ಆಗಸ್ಟ್ 15ಕ್ಕೆ ಶಾಲೆಯಲ್ಲಿ ಬಾವುಟ ಹಾರಿಸಲು ಊರಿನ ಒಬ್ಬ ಹವಾಲ್ದಾರರನ್ನು ಕರೆದು ಶಾಲು ಹೊದಿಸಿದರು, ನಿಮಗೆ ಮಾತ್ರ ‘ನರ್ಸಮ್ಮ, ನೀವು ಸ್ವಲ್ಪ ಮಕ್ಕಳಿಗೆ ಸಿಹಿ ಹಂಚಿ’ ಅಂದರು ಅಂತ. ಓದಿ ನಗು ಬಂತು, ಸಿಟ್ಟೂ ಬಂತು. ಸರ್ವಿಸ್‌ನಲ್ಲಿದ್ದಿದ್ದರೆ ಆ ಹವಾಲ್ದಾರರೇ ನಿಮಗೆ ಸೆಲ್ಯೂಟ್ ಹೊಡೆಯಬೇಕಿತ್ತು! ಪಾಪ, ಅವರ ತಪ್ಪೇನಿಲ್ಲ. ಮಿಲಿಟರಿಯವರು ಅಂದರೆ ಮೀಸೆ ಇರಬೇಕು ಅಂತ ನಮ್ಮ ಕಡೆ ಒಂದು ಲೆಕ್ಕ. ನನ್ನ ಚಿಂತೆ ಊರಿನ ಲೆಕ್ಕದ್ದಲ್ಲ. ನೀವೂ ಅದೇ ಲೆಕ್ಕ ಹಾಕಿಕೊಂಡಿದ್ದೀರಲ್ಲ, ಅದು.

ನೀವಿದ್ದ ಆ 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮವರು 527 ಜನ ಹೋದರು. ಗಾಯಗೊಂಡವರು 1300ಕ್ಕೂ ಜಾಸ್ತಿ. ಆ ಗಾಯಾಳುಗಳೆಲ್ಲ ಎಲ್ಲಿಗೆ ಬಂದರು? ನಿಮ್ಮಂಥವರ ವಾರ್ಡಿಗೇ ಅಲ್ವಾ? ಗುಂಡು ಹಾರಿಸಿದವನು ಆ ಗುಂಡು ಏನು ಮಾಡಿತು ಅಂತ ಎಷ್ಟೋ ಸಲ ನೋಡಿರುವುದೇ ಇಲ್ಲ. ನೀವು ದಿನವೂ ನೋಡಿದ್ದೀರಿ. ಅದೂ 23ನೇ ವಯಸ್ಸಿನಲ್ಲಿ, ನಿಮ್ಮದೇ ವಯಸ್ಸಿನ ಹುಡುಗರ ಮೈಮೇಲೆ. ಮೇಲಾಗಿ ಅಳುವ ಹಾಗಿಲ್ಲ, ಏಕೆಂದರೆ ಸಿಸ್ಟರ್ ಅತ್ತರೆ ವಾರ್ಡೇ ಕುಸಿಯುತ್ತದೆ.

ಈ ಮರೆವು ನಮ್ಮಲ್ಲಿ ಮಾತ್ರ ಇಲ್ಲ. ವಿಯೆಟ್ನಾಂ ಯುದ್ಧಕ್ಕೆ ಅಮೆರಿಕದಿಂದ ಸುಮಾರು 11,000 ಹೆಂಗಸರು ಹೋಗಿದ್ದರು, ಹೆಚ್ಚಿನವರು ನರ್ಸ್‌ಗಳು. ಸತ್ತ ಸೈನಿಕರ ಹೆಸರು ಕೆತ್ತಿದ ಗೋಡೆ ವಾಷಿಂಗ್ಟನ್‌ನಲ್ಲಿ 1982ರಲ್ಲೇ ಎದ್ದಿತು. ಅದರ ಹತ್ತಿರ ಹೆಂಗಸರಿಗೂ ಒಂದು ಸ್ಮಾರಕ ಬರಲು 1993 ಆಗಬೇಕಾಯಿತು. ಯುದ್ಧದ ಆಘಾತದಿಂದ ಬರುವ ಕಾಯಿಲೆಗೆ ಪಿಟಿಎಸ್‌ಡಿ ಅಂತ ಹೆಸರು ಬಿದ್ದದ್ದು 1980ರಲ್ಲಿ. ಆಗಲೂ ಎಲ್ಲರ ಕಣ್ಣಿಗೆ ಬಿದ್ದದ್ದು ಗಂಡಸರು. ತಾವೂ ಆ ಯುದ್ಧದವರೇ ಅಂತ ಎಷ್ಟೋ ನರ್ಸ್‌ಗಳು ತಮಗೆ ತಾವೇ ಹೇಳಿಕೊಂಡಿರಲಿಲ್ಲ. ನಿಮ್ಮ ಹಾಗೆಯೇ.

ಇದನ್ನು ಇಷ್ಟು ಎಳೆಯುವುದಕ್ಕೆ ಒಂದು ಕಾರಣ ಇದೆ. ನೀವು ಸೀರೆ ಉಟ್ಟುಕೊಂಡು ಡಾಕ್ಟರ ಮುಂದೆ ಕೂತು ‘ನಿದ್ದೆ ಬರಲ್ಲ, ಎದೆ ಡವಗುಟ್ಟುತ್ತೆ’ ಅಂದರೆ ಅವರು ಕೇಳುವುದು ಮುಟ್ಟು ನಿಂತಿದೆಯಾ, ಮನೆಯಲ್ಲಿ ಟೆನ್ಶನ್ ಇದೆಯಾ, ಮಕ್ಕಳೆಲ್ಲಿದ್ದಾರೆ ಅಂತ. ನೀವು ಯುದ್ಧದ ಹೊತ್ತಲ್ಲಿ ಕಾಶ್ಮೀರದಲ್ಲಿ ಇದ್ದಿರಾ ಅಂತ 49 ವರ್ಷದ ಮಲೆನಾಡಿನ ಹೆಂಗಸನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನನ್ನ ತಪ್ಪನ್ನೇ ಹೇಳುತ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಒಬ್ಬರು ತಲೆನೋವು ಅಂತ ನನ್ನ ಹತ್ತಿರ ಏಳೆಂಟು ತಿಂಗಳು ಬಂದರು. ಮಾತ್ರೆ ಬರೆದೆ, ಬದಲಿಸಿದೆ, ಡೋಸ್ ಏರಿಸಿದೆ. ಅಷ್ಟಕ್ಕಷ್ಟೇ. ಒಂದು ದಿನ ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳಿದರು, ‘ಡಾಕ್ಟ್ರೇ, ಈ ಮಾತ್ರೆ ತಗೊಂಡ್ರೆ ಡ್ಯೂಟಿಗೆ ಅನ್‌ಫಿಟ್ ಅಂತ ಬರೀತಾರಾ?’ ನಾನು, ‘ಯಾವ ಡ್ಯೂಟಿ?’ ಅಂದೆ. ಅವರು ಸಿಆರ್‌ಪಿಎಫ್‌ನಲ್ಲಿದ್ದವರು. ಬಿಟ್ಟು ಬಂದು ಆರು ವರ್ಷ ಆಗಿತ್ತು, ಆದರೂ ಕೇಳಿದ್ದು ಡ್ಯೂಟಿ. ಅವತ್ತು ಮತ್ತೆ ಕೂರಿಸಿಕೊಂಡೆ. ಆ ತಲೆನೋವಿನ ಹಿಂದೆ ಏನಿತ್ತು ಅಂತ ಒಂದೂವರೆ ಗಂಟೆ ಹೇಳಿದರು. ಮೊದಲ ದಿನವೇ ‘ಏನು ಕೆಲಸ ಮಾಡ್ತಿದ್ರಿ?’ ಅಂತ ಒಂದು ಮಾತು ಕೇಳಿದ್ದರೆ ಅಷ್ಟು ತಿಂಗಳು ಉಳಿಯುತ್ತಿತ್ತು. ಈಗ ಎಲ್ಲರನ್ನೂ ಕೇಳುತ್ತೇನೆ, ಅಡುಗೆ ಮಾಡಿಕೊಂಡು ಮನೆಯಲ್ಲೇ ಇದ್ದೆ ಅನ್ನುವವರನ್ನೂ.

ಆ ಭಯ ಎಲ್ಲಿಂದ ಬಂತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಸೇನೆಯಲ್ಲಿ ಶೇಪ್ ಅಂತ ಮೆಡಿಕಲ್ ಕೆಟಗರಿ ಇದೆಯಲ್ಲ, ಅದರ ಮೊದಲ ಅಕ್ಷರವೇ ಮನಸ್ಸಿನದು. ಅದು ಕೆಳಗಿಳಿದರೆ ಲೋ ಮೆಡಿಕಲ್ ಕೆಟಗರಿ, ಮುಂದೆ ಪೋಸ್ಟಿಂಗ್, ಪ್ರಮೋಷನ್ ಎಲ್ಲಕ್ಕೂ ಅದರ ನೆರಳು. ಅದಕ್ಕೇ ಯಾರೂ ಬಾಯಿ ಬಿಡುವುದಿಲ್ಲ. ಹೆಂಗಸರಿಗೆ ಇನ್ನೊಂದು ಭಯ ಸೇರುತ್ತದೆ, ‘ನೋಡಿ, ಅದಕ್ಕೇ ಇವರನ್ನು ತಗೋಬಾರದು’ ಅನ್ನಿಸಿಕೊಳ್ಳುವ ಭಯ. ಆದರೆ ನೀವೀಗ ಮನೆಯಲ್ಲಿದ್ದೀರಿ. ಇಳಿಸುವುದಕ್ಕೆ ಯಾವ ಕೆಟಗರಿಯೂ ಉಳಿದಿಲ್ಲ. ಪೆನ್ಶನ್ ನೀವು ದುಡಿದದ್ದು, ಮನೋವೈದ್ಯರ ಚೀಟಿ ನೋಡಿ ಅದನ್ನು ಯಾರೂ ನಿಲ್ಲಿಸುವುದಿಲ್ಲ. ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿ ಇರಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ, 23ನೇ ಸೆಕ್ಷನ್. ಅದು ಡಾಕ್ಟರ ಸೌಜನ್ಯ ಅಲ್ಲ, ನಿಮ್ಮ ಹಕ್ಕು.

ಹಾಗಾಗಿ ಒಂದು ಕೆಲಸ ಮಾಡಿ. ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ‘ನಾನು 22 ವರ್ಷ ಮಿಲಿಟರಿ ನರ್ಸ್. 1999ರಲ್ಲಿ ಕಾಶ್ಮೀರದಲ್ಲಿ ಗಾಯಾಳುಗಳನ್ನು ನೋಡಿಕೊಂಡೆ. ಈಗ ಕೆಟ್ಟ ಕನಸು, ಶಬ್ದಕ್ಕೆ ಬೆಚ್ಚುತ್ತೇನೆ, ಕುಡಿಯದೆ ನಿದ್ದೆ ಬರಲ್ಲ.’ ಅಷ್ಟು ಸಾಕು. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯನ್ನೇ ಮೇಜಿನ ಮೇಲಿಡಿ. ನೀವಾಗಿ ಹೇಳದಿದ್ದರೆ ನಿಮ್ಮ ಫೈಲು ‘ಮುಟ್ಟು ನಿಲ್ಲುವ ಹೊತ್ತಿನ ತೊಂದರೆ’ ಅಂತ ಶುರುವಾಗಿ ಅಲ್ಲೇ ಮುಗಿಯುತ್ತದೆ.

ಮುಟ್ಟಿನ ವಿಷಯ ಪೂರ್ತಿ ಸುಳ್ಳು ಅಂತಲ್ಲ. ಈ ವಯಸ್ಸಿನಲ್ಲಿ ಮೈ ಬಿಸಿಯೇರುವುದು, ನಿದ್ದೆ ಕೆಡುವುದು, ಎದೆ ಬಡಿತ ಎಲ್ಲ ಇರುತ್ತದೆ, ಹಳೆಯ ಗಾಯಕ್ಕೆ ಅದು ಗಾಳಿ ಹಾಕುತ್ತದೆ. ಥೈರಾಯ್ಡ್, ಹಿಮೋಗ್ಲೋಬಿನ್ ಒಮ್ಮೆ ಮಾಡಿಸಿ. ಆದರೆ ಮುಟ್ಟು ನಿಲ್ಲುವ ಹೊತ್ತಿಗೆ ಯಾರ ಕನಸಲ್ಲೂ ನೀರು ಕೇಳುವ ಸೈನಿಕ ಬರುವುದಿಲ್ಲ.

‘ಆಗ ಏನೂ ಆಗಲಿಲ್ಲ, ಈಗ ಯಾಕೆ’ ಅಂತ ಕೇಳಿದ್ದೀರಿ. ಆಗ ಆಗುವುದಕ್ಕೆ ನಿಮಗೆ ಪುರುಸೊತ್ತೇ ಇರಲಿಲ್ಲ. ಒಂದು ಡ್ಯೂಟಿ ಮುಗಿದರೆ ಇನ್ನೊಂದು, ಒಂದು ಪೋಸ್ಟಿಂಗ್ ಮುಗಿದರೆ ಪೆಟ್ಟಿಗೆ ಕಟ್ಟು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕರೆಂಟಿಲ್ಲ, ಸುತ್ತ ಯಾರೂ ಇಲ್ಲ, ತೋಟದಲ್ಲಿ ಕೊಳೆ ಔಷಧಿ ಹೊಡೆಯುವ ನಾಲ್ಕು ದಿನ ಬಿಟ್ಟರೆ ಮನೆಯಲ್ಲಿ ಜನರ ಮಾತೂ ಇಲ್ಲ. ಇಪ್ಪತ್ತು ವರ್ಷ ಸರತಿಯಲ್ಲಿ ನಿಂತಿದ್ದದ್ದೆಲ್ಲ ಒಳಗೆ ಬರುತ್ತಿದೆ. ವರ್ಷಗಟ್ಟಲೆ ತಡವಾಗಿ ಪಿಟಿಎಸ್‌ಡಿ ಕಾಣಿಸಿಕೊಳ್ಳುವುದು ವೈದ್ಯರಿಗೆ ಹೊಸದೇನಲ್ಲ. ಕೈ ಕೊಯ್ದಾಗ ನೀವು ಒಂಚೂರೂ ನಡುಗದೆ ಡ್ರೆಸ್ಸಿಂಗ್ ಮಾಡಿ ಆಮೇಲೆ ಬಚ್ಚಲಿಗೆ ಹೋದಿರಲ್ಲ, ಆ ಒಂದು ಗಂಟೆಯಲ್ಲೇ ನಿಮ್ಮ 22 ವರ್ಷ ಇದೆ. ಕೆಲಸ ಮೊದಲು, ಅಳು ಆಮೇಲೆ. ಆ ‘ಆಮೇಲೆ’ ಈಗ ಬಂದಿದೆ.

ಪತ್ರ ಓದಿ ಕಾಯಿಲೆಯ ಹೆಸರು ಹೇಳುವುದು ತಪ್ಪು, ನಾನು ಹೇಳುವುದಿಲ್ಲ. ನೀವೇ ಐದು ಪ್ರಶ್ನೆ ಕೇಳಿಕೊಳ್ಳಿ, ಕಳೆದ ಒಂದು ತಿಂಗಳ ಲೆಕ್ಕದಲ್ಲಿ. ಆ ಘಟನೆ ಕನಸಲ್ಲೋ ನೆನಪಲ್ಲೋ ಬೇಡಬೇಡವೆಂದರೂ ಬಂತಾ? ಅದನ್ನು ನೆನಪಿಸುವ ಜಾಗ, ಮಾತು, ಜನರಿಂದ ತಪ್ಪಿಸಿಕೊಂಡಿರಾ? ಸದಾ ಎಚ್ಚರವಾಗಿ, ಸಣ್ಣದಕ್ಕೂ ಬೆಚ್ಚುವ ಹಾಗೆ ಇದ್ದಿರಾ? ಜನರ ಮೇಲೆ, ಸುತ್ತಲಿನ ಯಾವುದರ ಮೇಲೂ ಮನಸ್ಸಿಲ್ಲದೆ ಮರಗಟ್ಟಿದ ಹಾಗೆ ಆಯಿತಾ? ಆದದ್ದಕ್ಕೆ ನಿಮ್ಮನ್ನೋ ಬೇರೆಯವರನ್ನೋ ಬೈದುಕೊಳ್ಳುವುದು ನಿಲ್ಲಲೇ ಇಲ್ವಾ? ಮೂರು ಅಥವಾ ಜಾಸ್ತಿ ‘ಹೌದು’ ಬಂದರೆ ತೋರಿಸಿಕೊಳ್ಳಬೇಕು. ನಿಮ್ಮ ಪತ್ರದಲ್ಲೇ ನನಗೆ ನಾಲ್ಕು ಕಂಡವು.

ಈಗ ಆ ಹುಡುಗನ ವಿಷಯ.

ಆಪರೇಷನ್‌ಗೆ ಮುಂಚೆ ಬಾಯಿಗೆ ಏನೂ ಕೊಡಬಾರದು ಅಂತ ನಿಮಗೆ ಗೊತ್ತು. ನೀರು ಕುಡಿಸಿದ್ದರೆ ಅರಿವಳಿಕೆ ಕೊಟ್ಟಾಗ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದಿತ್ತು ಅಂತಲೂ ಗೊತ್ತು. ನೀವೇ ಎಷ್ಟೋ ಜೂನಿಯರ್‌ಗಳಿಗೆ ಇದನ್ನು ಕಲಿಸಿರುತ್ತೀರಿ. ಆದರೂ ಸಮಾಧಾನ ಆಗುವುದಿಲ್ಲ. ಏಕೆಂದರೆ ನಿಮ್ಮೊಳಗೆ ಕೂತಿರುವುದು ನರ್ಸಿನ ಪ್ರಶ್ನೆ ಅಲ್ಲ, ನಮ್ಮ ಮನೆಗಳಲ್ಲಿ ಬೆಳೆದ ಹೆಣ್ಣುಮಗಳ ಪ್ರಶ್ನೆ. ಹೋಗುವ ಜೀವದ ಬಾಯಿಗೆ ನೀರು ಬಿಡಬೇಕು. ಯಾರೂ ಇಲ್ಲದಿದ್ದರೆ ಪಕ್ಕದ ಮನೆಯವರಾದರೂ ಬಂದು ಬಿಡುತ್ತಾರೆ. ಅವನ ಅಮ್ಮ ಎಲ್ಲೋ ದೂರದಲ್ಲಿದ್ದಳು, ಹತ್ತಿರ ಇದ್ದವಳು ನಾನು, ಬಿಡಲಿಲ್ಲ. ಇದೇ ಅಲ್ವಾ ರಾತ್ರಿ 2 ಗಂಟೆಗೆ ಎಬ್ಬಿಸುವುದು?

ಇದನ್ನು ‘ಮರೆತುಬಿಡಿ’ ಅಂತ ಯಾವ ಒಳ್ಳೆಯ ಡಾಕ್ಟರೂ ಹೇಳುವುದಿಲ್ಲ. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆಗಳಲ್ಲಿ ಒಂದು ಬಗೆ ಹೀಗಿದೆ. ಸುಮಾರು 12 ಸಲ ಭೇಟಿ. ‘ನನ್ನಿಂದ ಅವನು ಹೋದ’, ‘ನಾನು ಕಲ್ಲು ಹೃದಯದವಳು’ ಅನ್ನುವಂಥ ಸಿಕ್ಕಿಕೊಂಡ ಮಾತುಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಬರೆದು, ಅವತ್ತು ನಿಮಗೆ ಏನೇನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಕೈಯಲ್ಲಿ ಏನಿತ್ತು ಅಂತ ಜೊತೆಗೆ ಕೂತು ನೋಡುವುದು. ಇನ್ನೊಂದು ಬಗೆಯಲ್ಲಿ ಆ ನೆನಪನ್ನೇ ಮತ್ತೆಮತ್ತೆ, ಭದ್ರವಾದ ಜಾಗದಲ್ಲಿ ಕೂತು, ಮೊದಲಿಂದ ಕೊನೆಯವರೆಗೆ ಹೇಳಿಸುತ್ತಾರೆ. ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಅಂತ ಮೂರನೆಯದೂ ಇದೆ. ಮೊದಲ ಮೂರ್ನಾಲ್ಕು ವಾರ ಕನಸು ಜಾಸ್ತಿ ಆಗಬಹುದು, ಆಗ ಬಿಟ್ಟುಬಿಡಬೇಡಿ. ಮಾತ್ರೆ ಬೇಕಾದರೆ ಸರ್ಟ್ರಾಲಿನ್‌ನಂಥದ್ದು ಕೊಡುತ್ತಾರೆ, ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳೆಸಿದರೆ ಗಾಬರಿ ಬೇಡ.

ಇನ್ನು ರಮ್ಮು. ಹೇಳಿದ್ದಕ್ಕೆ ಥ್ಯಾಂಕ್ಸ್, ಏಕೆಂದರೆ ಹೆಂಗಸರು ಇದನ್ನು ಕೊನೆಗೂ ಹೇಳುವುದಿಲ್ಲ. ಗಂಡಸು ಕ್ಯಾಂಟೀನ್ ಬಾಟಲಿ ತಂದರೆ ನೆಂಟರೆಲ್ಲ ಕಾಯುತ್ತಿರುತ್ತಾರೆ, ಅದೇ ಕಾರ್ಡು ಹೆಂಗಸಿನ ಕೈಯಲ್ಲಿದ್ದರೆ ಬಾಟಲಿ ಅಕ್ಕಿ ಡಬ್ಬಿಯ ಹಿಂದೆ ಹೋಗುತ್ತದೆ. ನನಗೆ ನೀತಿ ಹೇಳುವ ಆಸೆ ಇಲ್ಲ. ಕುಡಿತ ಬೇಗ ನಿದ್ದೆ ಹತ್ತಿಸುತ್ತದೆ, ಅರ್ಧ ರಾತ್ರಿಯ ಮೇಲೆ ಅದೇ ನಿದ್ದೆ ಕೆಡಿಸುತ್ತದೆ. 2 ಗಂಟೆಯ ಎಚ್ಚರದಲ್ಲಿ ಒಂದು ಪಾಲು ಆ ರಮ್ಮಿನದೇ ಇರಬಹುದು. ಅದರ ಜೊತೆ ಅಲ್ಪ್ರಾಜೋಲಮ್ ಬೇಡವೇ ಬೇಡ, ಎರಡೂ ಸೇರಿ ಉಸಿರಾಟವನ್ನೇ ಕುಗ್ಗಿಸುತ್ತವೆ, ಇದು ನಿಮಗೆ ಪಾಠದಲ್ಲೇ ಬಂದಿದೆ. ಆ ಜಾತಿಯ ಮಾತ್ರೆ ಪಿಟಿಎಸ್‌ಡಿಗೆ ಮದ್ದೂ ಅಲ್ಲ. ಚೀಟಿ ಇಲ್ಲದೆ ಕೊಡುವಂತಿಲ್ಲ, ಆದರೆ ‘ಸಿಸ್ಟರ್’ ಕೇಳಿದರೆ ಮೆಡಿಕಲ್ ಶಾಪಿನವರು ಕೊಟ್ಟುಬಿಡುತ್ತಾರೆ, ಅಲ್ವಾ? ನರ್ಸು, ಡಾಕ್ಟರುಗಳಿಗೆ ಇದೊಂದು ರೋಗ, ತಮ್ಮ ಚೀಟಿ ತಾವೇ ಬರೆದುಕೊಳ್ಳುವುದು. ನನಗೂ ಇದೆ. ಹಾಗಂತ ಇವತ್ತೇ ಎರಡನ್ನೂ ಒಟ್ಟಿಗೆ ನಿಲ್ಲಿಸಬೇಡಿ. ದಿನವೂ ತಗೊಳ್ಳುತ್ತಿದ್ದರೆ ಥಟ್ಟನೆ ಬಿಟ್ಟಾಗ ನಡುಕ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಡಾಕ್ಟರಿಗೆ ಲೆಕ್ಕ ಸರಿಯಾಗಿ ಹೇಳಿ, ಇಳಿಸುವ ದಾರಿ ಅವರು ಹಾಕಿಕೊಡುತ್ತಾರೆ. ಎರಡು ಪೆಗ್ ಅಂತ ಬರೆದಿದ್ದೀರಿ, ನಾಲ್ಕಿದ್ದರೆ ನಾಲ್ಕು ಅನ್ನಿ.

ಒಂದು ಪ್ರಶ್ನೆ ನಾನು ನೇರವಾಗಿಯೇ ಕೇಳುತ್ತೇನೆ, ನೀವೂ ಅಷ್ಟೇ ನೇರವಾಗಿ ಉತ್ತರಿಸಿಕೊಳ್ಳಿ. ಬದುಕು ಸಾಕು ಅನ್ನಿಸಿದೆಯಾ? ನಮ್ಮ ಕಡೆಯ ಮನೆಗಳಲ್ಲಿ ತೋಟದ ಔಷಧಿ ಡಬ್ಬ ಇರುತ್ತದೆ, ಕೆಲವರ ಮನೆಯಲ್ಲಿ ಲೈಸೆನ್ಸಿನ ಕೋವಿಯೂ ಇರುತ್ತದೆ. ಅಂಥ ಯೋಚನೆ ಒಮ್ಮೆ ಬಂದಿದ್ದರೂ ಅವೆರಡು ನಿಮ್ಮ ಕೈಗೆ ಸಿಗುವ ಹಾಗೆ ಇರಬಾರದು. ಔಷಧಿ ಬೀಗದಲ್ಲಿರಲಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಎಲೆಕ್ಷನ್ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುತ್ತೇವಲ್ಲ, ಹಾಗೆಯೇ ಸ್ವಲ್ಪ ಕಾಲ ಮನೆಯಿಂದ ಹೊರಗೆ ಇರಲು ಏರ್ಪಾಟು ಮಾಡಬಹುದು, ಮನೆಯವರ ಕೈಲೇ ಮಾಡಿಸಿ. ಆ ಯೋಚನೆಯ ಕ್ಷಣ ಬಂದು ಹೋಗುವಂಥದ್ದು, ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜನ ಅದನ್ನು ದಾಟುತ್ತಾರೆ. ಆ ಹೊತ್ತಿಗೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೇನೆಯವರಿಗಾಗಿಯೇ ಇದರ ಒಂದು ಘಟಕ ಶುರುವಾಗಿದೆ. ಮಳೆಗಾಲದಲ್ಲಿ ಕರೆಂಟ್ ಹೋದ ಹಿಂದೆಯೇ ಟವರೂ ಹೋಗುತ್ತದೆ, ಗೊತ್ತು. ಅದಕ್ಕೇ ನೆಟ್‌ವರ್ಕ್ ಸಿಗುವ ದಿಬ್ಬ ಯಾವುದು ಅಂತ ಹಗಲಲ್ಲೇ ನೋಡಿಟ್ಟುಕೊಳ್ಳಿ, ಒಮ್ಮೆ ಚೆನ್ನಾಗಿರುವ ದಿನವೇ ಫೋನ್ ಮಾಡಿ ಮಾತಾಡಿ. ಸಿಗ್ನಲ್ಲೇ ಇಲ್ಲದ ರಾತ್ರಿ ಒಬ್ಬರೇ ಇರಬೇಡಿ, ಮನೆಯಲ್ಲಿ ಯಾರನ್ನಾದರೂ ಎಬ್ಬಿಸಿ.

ಎಲ್ಲಿಗೆ ಹೋಗುವುದು? ನೀವು ಪೆನ್ಶನ್ ತಗೊಳ್ಳುವವರು, ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ. ಪಾಲಿಕ್ಲಿನಿಕ್‌ನಿಂದ ರೆಫರಲ್ ತಗೊಂಡರೆ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಖರ್ಚಿಲ್ಲದೆ ನೋಡುತ್ತಾರೆ. ಆದರೆ ಆ ಬೆಂಚಿನ ಮೇಲೆ ನಿಮ್ಮ ಹವಾಲ್ದಾರರೂ ಕೂತಿರುತ್ತಾರೆ, ‘ಏನ್ ಮೇಡಂ, ಇಲ್ಲಿ?’ ಅನ್ನುತ್ತಾರೆ. ಅದು ಬೇಡ ಅನ್ನಿಸಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬನ್ನಿ, ಮನೋವೈದ್ಯ ವಿಭಾಗ ಇದೆ. ಅಲ್ಲಿನ ಗದ್ದಲದಲ್ಲಿ ಯಾರು ಯಾವ ಸಾಲಲ್ಲಿ ನಿಂತಿದ್ದಾರೆ ಅಂತ ಯಾರೂ ನೋಡುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ 2014ರಲ್ಲಿ ಶುರುವಾಯಿತು. ಮೊದಲ ಭೇಟಿಗೆ, ಮಾತ್ರೆಗೆ ಅದು ಸಾಕು, ಹೋಗುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಆದರೆ 12 ಸಲದ ಮಾತಿನ ಚಿಕಿತ್ಸೆಗೆ ಶಿವಮೊಗ್ಗವೇ ಆಗಬೇಕು, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್. ತೀರ್ಥಹಳ್ಳಿಯಿಂದ 60 ಕಿಲೋಮೀಟರ್, ಬಸ್ಸಲ್ಲಿ ಮಂಡಗದ್ದೆ ದಾಟಿ ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ, ಅಡಿಕೆ ಕೊಯ್ಲಿನ ಹೊತ್ತಲ್ಲಿ ಕಷ್ಟ. ಅದಕ್ಕೆ ಈಗಲೇ ಶುರು ಮಾಡಿ ಅನ್ನುವುದು. ಬಂದ ಸಲದ ಚೀಟಿಗಳನ್ನೆಲ್ಲ ಜೋಪಾನವಾಗಿಡಿ. ಸರ್ವಿಸ್‌ನಿಂದಾಗಿ ಬಂದ ಕಾಯಿಲೆ ಅಂತ ಮುಂದೆ ಕ್ಲೇಮ್ ಹಾಕುವ ಯೋಚನೆ ಇದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು, ಅದು ಬೇರೆಯೇ ಉದ್ದದ ಕಥೆ.

ಇದನ್ನು ಓದುತ್ತಿರುವ ಸಿಆರ್‌ಪಿಎಫ್, ಬಿಎಸ್‌ಎಫ್ ಅಕ್ಕತಂಗಿಯರಿಗೆ ಒಂದು ಮಾತು. ನಿಮಗೆ ಇಸಿಎಚ್‌ಎಸ್ ಬರುವುದಿಲ್ಲ, ಮಾಜಿ ಸೈನಿಕರ ಪಟ್ಟಿಯಲ್ಲೂ ನೀವಿಲ್ಲ. ಸಿಆರ್‌ಪಿಎಫ್‌ನ ಮೊದಲ ಮಹಿಳಾ ಬೆಟಾಲಿಯನ್ ಕಟ್ಟಿದ್ದೇ 1986ರಲ್ಲಿ, ಆದರೂ ಇದೇ ಕಥೆ. ಆದರೆ ಮೆಗ್ಗಾನ್, ಮಂಗಳವಾರದ ಕ್ಲಿನಿಕ್, 14416 ಎಲ್ಲ ನಿಮಗೂ ಇವೆ, ಯಾವ ಕಾರ್ಡೂ ಬೇಡ.

ಇನ್ನೊಂದು ವಿಷಯ, ನೀವು ಬರೆದಿಲ್ಲ, ನಿಮಗೆ ಆಗಿದೆ ಅಂತಲೂ ನಾನು ಅನ್ನುತ್ತಿಲ್ಲ. ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗಳಲ್ಲಿ ಬಂದವರನ್ನೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ, ಸರ್ವಿಸ್‌ನಲ್ಲಿ ಲೈಂಗಿಕ ಕಿರುಕುಳ ಅಥವಾ ದೌರ್ಜನ್ಯ ಆಗಿತ್ತಾ ಅಂತ. ಹೆಂಗಸರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಹೌದು ಅನ್ನುತ್ತಾರೆ. ಕೇಳುತ್ತಾರೆ, ಅದಕ್ಕೆ ಹೇಳುತ್ತಾರೆ. ನಮ್ಮಲ್ಲಿ ಕೇಳುವ ರೂಢಿಯೇ ಇಲ್ಲ. ಓದುಗರಲ್ಲಿ ಯಾರಿಗಾದರೂ ಅದಾಗಿದ್ದರೆ ಮಹಿಳಾ ಡಾಕ್ಟರೇ ಬೇಕು ಅಂತ ಕೇಳಬಹುದು. ಮೊದಲ ದಿನವೇ ಎಲ್ಲ ಹೇಳಬೇಕಿಲ್ಲ, ‘ಇನ್ನೊಂದಿದೆ, ಇವತ್ತು ಬೇಡ’ ಅಂದರೆ ಸಾಕು, ಡಾಕ್ಟರಿಗೆ ಅರ್ಥವಾಗುತ್ತದೆ.

ಅತ್ತೆಯವರ ಚೌಡಿಗೆ ನನ್ನ ವಿರೋಧ ಇಲ್ಲ. ಕೊಡುವುದು ಬಾಕಿ ಇದ್ದರೆ ಕೊಟ್ಟುಬಿಡಿ, ಅವರಿಗೂ ಸಮಾಧಾನ. ‘ಚೌಡಿಗೂ ಮಾಡೋಣ, ಡಾಕ್ಟರಿಗೂ ತೋರಿಸೋಣ’ ಅಂದರೆ ನಮ್ಮ ಕಡೆಯ ಯಾವ ಅತ್ತೆಯೂ ಬೇಡ ಅನ್ನುವುದಿಲ್ಲ. ಮಾತ್ರೆ ನಿಲ್ಲಿಸಿ, ನಿಮಿತ್ತ ಹೇಳುವವರ ಮಾತಷ್ಟೇ ಕೇಳಿ ಅಂತ ಯಾರಾದರೂ ಹೇಳಿದರೆ ಆಗ ಜಗಳ ಆಡಿ.

ಯಜಮಾನರಿಗೆ ಎಷ್ಟು ಹೇಳುವುದು ಅನ್ನುವುದು ನಿಮಗೆ ಬಿಟ್ಟದ್ದು. ರಮ್ಮಿನ ವಿಷಯ, ಹುಡುಗನ ವಿಷಯ ಈಗಲೇ ಬೇಡವಾದರೆ ಬೇಡ. ಪಟಾಕಿಯ ವಿಷಯ ಮಾತ್ರ ಇವತ್ತೇ ಹೇಳಿ. ಮಂಗ ಬಂದರೆ ಹೊಡೆಯದೆ ಇರುವುದಕ್ಕಾಗುವುದಿಲ್ಲ, ಬಾಳೆ, ಏಲಕ್ಕಿ ಒಂದೂ ಉಳಿಯುವುದಿಲ್ಲ. ಆದರೆ ಬೆಂಕಿ ಕೊಡುವ ಮೊದಲು ತೋಟದಿಂದ ಒಂದು ಕೂಗು ಹಾಕಬಹುದಲ್ಲ. ಬರುತ್ತದೆ ಅಂತ ಗೊತ್ತಿರುವ ಸದ್ದಿಗೆ ಮೈ ಅಷ್ಟು ಬೆಚ್ಚುವುದಿಲ್ಲ. ಕೂಗು ಕೇಳಿದ ಕೂಡಲೇ ಕೈಯಲ್ಲಿದ್ದದ್ದನ್ನು ಕೆಳಗಿಡಿ, ಗೋಡೆಗೆ ಅಂಗೈ ಊರಿ, ಕಾಲು ನೆಲಕ್ಕೆ ಒತ್ತಿ, ಉಸಿರು ನಿಧಾನಕ್ಕೆ ಬಿಡಿ. ಸದ್ದು ಆಗಲಿ. ಆಮೇಲೆ ಕೆಲಸ ಮುಂದುವರಿಸಿ.